ನಮ್ಮ ಬೆಟ್ಟಕ್ಕೆ ಕಿತ್ತಳೆ ಬಣ್ಣ ಬಳಿಯಬೇಡಿ

ಅಕ್ಟೋಬರ್ ಬಂತೆಂದರೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎಲೆಗಳ ಮಳೆ ಶುರುವಾಗುತ್ತದೆ. ಕೆನಡಾದಲ್ಲಿರುವ ಚಿಕ್ಕಪ್ಪನ ಮಗ ಮೇಪಲ್ ಮರದ ಕೆಳಗೆ ನಿಂತ ಫೋಟೊ ಹಾಕುತ್ತಾನೆ. ಹೊಸದಾಗಿ ಮದುವೆಯಾದವರು ಶ್ರೀನಗರದ ನಸೀಮ್ ಬಾಗ್‌ನಲ್ಲಿ ಚಿನಾರ್ ಎಲೆ ಹಿಡಿದು ನಿಂತಿರುತ್ತಾರೆ. ಅವು ನಿಜವಾದ ಬಣ್ಣಗಳು, ಅದರಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ಮೂರನೆಯ ಬಗೆಯ ಫೋಟೊ ಬಂದಾಗ. ಅಂಬೋಲಿ, ಗಗನಬಾವಡಾ, ನಮ್ಮ ಚಾರ್ಮಾಡಿ, ಎಲ್ಲವೂ ಇಟಲಿಯ ಕ್ಯಾಲೆಂಡರಿನ ಹಾಗೆ ಕಿತ್ತಳೆ ಬಣ್ಣದಲ್ಲಿ! ಕೆಳಗೆ ‘ಆಟಮ್ ವೈಬ್ಸ್’ ಎಂಬ ಒಕ್ಕಣೆ. ಹಿರಿಯರು ‘ಮಾಶಾ ಅಲ್ಲಾಹ್, ಇದು ನಮ್ಮ ಕಡೆಯದ್ದಾ?’ ಎಂದು ಕೇಳುತ್ತಾರೆ.

ಅಲ್ಲ. ಹನ್ನೊಂದು ವರ್ಷದಿಂದ ನಾನು ಇಚಲಕರಂಜಿ ಮತ್ತು ಕೊಲ್ಲಾಪುರದ ನಡುವೆ ದುಡಿಯುತ್ತಿದ್ದೇನೆ. ಮೊದಲು ಮಗ್ಗದ ಬಿಡಿಭಾಗಗಳ ವರ್ಕ್‌ಶಾಪ್, ಈಗ ಫೌಂಡ್ರಿ. ವಾರದ ರಜೆಯಲ್ಲಿ ಬೈಕು, ಕ್ಯಾಮೆರಾ ಮತ್ತು ಸಹ್ಯಾದ್ರಿ. ಅಕ್ಟೋಬರಿನಲ್ಲಿ ಅಂಬೋಲಿ ಕಿತ್ತಳೆಯಾಗಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆಗ ಅದು ಮಳೆಯಿಂದ ಎದ್ದು ಬಂದ ಕಡುಹಸಿರು. ಫೋನಿನಲ್ಲಿ ಹಸಿರಿನ ‘ಹ್ಯೂ’ ಗುಂಡಿಯನ್ನು ಒಂದು ಬದಿಗೆ ಎಳೆದರೆ ಎರಡು ಸೆಕೆಂಡಿನಲ್ಲಿ ಅದು ಕಿತ್ತಳೆಯಾಗುತ್ತದೆ. ಪತ್ತೆ ಹಚ್ಚುವುದೂ ಸುಲಭ. ಎಲೆ ಉದುರಿಸುವ ಅಭ್ಯಾಸವೇ ಇಲ್ಲದ ನೇರಳೆ ಮರ ಮೈತುಂಬ ಕಿತ್ತಳೆ ಎಲೆ ಹೊತ್ತಿರುತ್ತದೆ, ಬಂಡೆಯ ಮೇಲಿನ ಪಾಚಿಯೂ ಕಿತ್ತಳೆ. ಒಂದು ಫೋಟೊದಲ್ಲಂತೂ ದಾರಿಬದಿಯ ವಡಾಪಾವ್ ಅಂಗಡಿಯ ಹಸಿಮೆಣಸು ಕೂಡ ಕಿತ್ತಳೆಯಾಗಿತ್ತು.

‘ಎಂತ ಮಾರಾಯಾ, ಚಂದ ಕಾಣ್ತದಲ್ಲ, ನಿನಗೆಂತ ತೊಂದರೆ?’ ಎಂದು ಕೇಳುವವರಿದ್ದಾರೆ. ತೊಂದರೆ ಉಂಟು. ಉಪ್ಪನದ್ದು ಬಟ್ಟೆ ಅಂಗಡಿ. ಗಿರಾಕಿ ಸೀರೆಯ ಬಣ್ಣ ಕೇಳಿದರೆ ಉಪ್ಪ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಬಿಡಿಸಿ ತೋರಿಸುತ್ತಿರಲಿಲ್ಲ. ಎತ್ತಿಕೊಂಡು ಬಾಗಿಲಿಗೆ ಬಂದು ‘ಬಿಸಿಲಲ್ಲಿ ನೋಡಿ ತಕೊಳ್ಳಿ’ ಎನ್ನುತ್ತಿದ್ದರು. ಒಳಗೆ ಮೆರೂನ್ ಆಗಿ ಕಂಡದ್ದು ಹೊರಗೆ ಕಂದಾಗಿ ಕಂಡು ವ್ಯಾಪಾರ ತಪ್ಪಿದ ದಿನಗಳೂ ಇದ್ದವು. ಆದರೂ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ.

ನನ್ನ ಕೆಲಸದಲ್ಲೂ ಬಣ್ಣವೆಂದರೆ ಅಲಂಕಾರವಲ್ಲ, ಅಳತೆ. ಉಕ್ಕಿನ ಉಳಿಯನ್ನು ಹದ ಮಾಡುವಾಗ ಬಿಸಿಯಾಗುತ್ತಿದ್ದಂತೆ ಅದರ ಮೈಮೇಲೆ ಬಣ್ಣ ಓಡುತ್ತದೆ. ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 260ರ ಹೊತ್ತಿಗೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಗಡಸು, ನೀಲಿಯವರೆಗೆ ಬಿಟ್ಟರೆ ಮೆತ್ತಗೆ. ಬಣ್ಣ ಓದಲು ಬಾರದವನು ಉಳಿಯನ್ನು ಹಾಳು ಮಾಡುತ್ತಾನೆ. ಎಲೆಯ ಬಣ್ಣವೂ ಹಾಗೆಯೇ: ಮರದೊಳಗೆ ಏನು ನಡೆದಿದೆ ಎಂದು ಹೇಳುವ ಗುರುತು.

ಚಳಿದೇಶದ ಮರಕ್ಕೆ ಹಗಲು ಚಿಕ್ಕದಾಗಿ ಚಳಿ ಏರಿದಾಗ ಅಂಗಡಿ ಮುಚ್ಚುವ ಹೊತ್ತು. ಎಲೆಯಲ್ಲಿರುವ ಹರಿತ್ತನ್ನು ಒಡೆದು, ಅದರ ಸಾರವನ್ನು ರೆಂಬೆಗೆ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಮೊದಲಿಂದಲೂ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಲವು ಮರಗಳು ಅದೇ ಹೊತ್ತಿಗೆ ಆಂಥೋಸಯನಿನ್ ಎಂಬ ಕೆಂಪನ್ನು ಹೊಸದಾಗಿ ತಯಾರಿಸುತ್ತವೆ. ಕಾಶ್ಮೀರದಲ್ಲಿ ಈ ಕಾಲಕ್ಕೆ ‘ಹರೂದ್’ ಎನ್ನುತ್ತಾರೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಚಿನಾರ್ ಮರಗಳು ಹೊತ್ತಿ ಉರಿಯುವಂತೆ ಕಾಣುವುದು ಆ ಲೆಕ್ಕದ ಪ್ರಕಾರ. ಸಹ್ಯಾದ್ರಿಯ ಮರಕ್ಕೆ ಅಂಥ ಚಳಿಯಿಲ್ಲ. ಅದರ ಲೆಕ್ಕ ನೀರಿನದ್ದು.

ಇಲ್ಲಿ ಒಂದು ಶಬ್ದವೂ ನಮ್ಮನ್ನು ದಾರಿ ತಪ್ಪಿಸಿದೆ. ಶಾಲೆಯಲ್ಲಿ ಇಂಗ್ಲಿಷಿನ ಆಟಮ್‌ಗೆ ‘ಶರತ್ಕಾಲ’ ಎಂದು ಅರ್ಥ ಬರೆಸಿದರು. ಶರತ್ ಅಂದರೆ ಮಳೆ ಮುಗಿದು ಆಕಾಶ ತಿಳಿಯಾಗುವ ಕಾಲ. ಕೊಲ್ಲಾಪುರದ ಕಡೆ ಆಗ ಪನ್ಹಾಳಾ ಬಳಿಯ ಮಸಾಯಿ ಪಠಾರದಂಥ ಕಲ್ಲುಹಾಸಿನ ಬಯಲುಗಳಲ್ಲಿ ಬೆರಳುದ್ದದ ಹೂಗಳು ಅರಳಿರುತ್ತವೆ. ಎಲೆ ಉದುರುವುದಕ್ಕೆ ನಮ್ಮವರು ಬೇರೆಯೇ ಋತು ಇಟ್ಟಿದ್ದರು, ಶಿಶಿರ. ಮಾಘ, ಫಾಲ್ಗುಣ, ಅಂದರೆ ಹೆಚ್ಚುಕಡಿಮೆ ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಮರಾಠಿಯಲ್ಲಿ ಅದಕ್ಕೆ ‘ಪಾನಗಳ’ ಎಂಬ ಸರಳ ಮಾತಿದೆ, ಎಲೆ ಉದುರುವಿಕೆ ಎಂದಷ್ಟೇ ಅರ್ಥ. ಋತುವನ್ನೇ ನಾಲ್ಕು ತಿಂಗಳು ಹಿಂದಕ್ಕೆ ಎಳೆದ ಮೇಲೆ ಬೆಟ್ಟದಲ್ಲಿ ಬಣ್ಣ ಸಿಗದೆ ಫೋನಿನಲ್ಲಿ ಹುಡುಕುವುದು ಆಶ್ಚರ್ಯವಲ್ಲ.

ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಇನ್ನೂ ಮನೆಮಾತು. ಸಾಮಾನಗಡ ಕೋಟೆಯ ದಾರಿಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ನವೆಂಬರಿನಲ್ಲಿ ನನ್ನ ಕ್ಯಾಮೆರಾ ನೋಡಿ, ‘ಈಗ ಯಾಕ್ ಬಂದೀರಿ? ಶಿಮಗಿಗೆ ಬರ್ರಿ, ಗುಡ್ಡ ಕೆಂಪಾಗಿರ್ತೈತಿ’ ಎಂದರು. ಶಿಮಗಾ ಎಂದರೆ ಹೋಳಿ. ಅವರು ಹೇಳಿದ ಕೆಂಪಿನ ಹಿಂದೆ ಇರುವುದು ಕುಸುಂಬ ಮರ, ಕನ್ನಡದಲ್ಲಿ ಸಾಗಡೆ. ಹಳೆಯ ಎಲೆ ಕಳಚಿದ ಕೆಲವೇ ದಿನಗಳಲ್ಲಿ ಮರದ ತುಂಬ ಹೊಸ ಎಲೆ, ಒಂದೊಂದೂ ರಕ್ತಗೆಂಪು. ದೂರದಿಂದ ನೋಡಿದವರು ಹೂವೆಂದೇ ತಿಳಿಯುತ್ತಾರೆ. ಅದು ಸಾಯುವ ಎಲೆಯ ಕೆಂಪಲ್ಲ, ಹುಟ್ಟುವ ಎಲೆಯ ಕೆಂಪು. ಎರಡು ವಾರದಲ್ಲಿ ತಾಮ್ರವಾಗಿ, ತಿಳಿಹಸಿರಾಗಿ ತಿರುಗುತ್ತದೆ. ಅರಳಿಯ ಚಿಗುರು ಗುಲಾಬಿ ಮಿಶ್ರಿತ ತಾಮ್ರ. ಮಾವಿನದ್ದು ನೀವೆಲ್ಲ ನೋಡಿದ್ದೇ.

ಬಣ್ಣ ಅದೇ ಆಂಥೋಸಯನಿನ್, ಕೆಲಸ ಮಾತ್ರ ಬೇರೆ. ಎಳೆಯ ಎಲೆ ಇನ್ನೂ ಅಡುಗೆ ಮಾಡಲು ಕಲಿತಿಲ್ಲ, ಅದರ ಮೇಲೆ ಮಾರ್ಚಿನ ಬಿಸಿಲು ಬೀಳುತ್ತದೆ. ಆ ಬಿಸಿಲಿಗೆ ಕೆಂಪು ಒಂದು ಪರದೆಯಂತೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಹುಳಗಳಿಗೆ ಅದು ಹಿಡಿಸುವುದಿಲ್ಲ ಎಂಬ ವಾದವೂ ಇದೆ. ನನಗೆ ಇದರಲ್ಲಿ ಸೋಜಿಗ ಎನಿಸುವುದು ಬೇರೆ ಸಂಗತಿ. ಮಳೆಗೆ ಇನ್ನೂ ಮೂರು ತಿಂಗಳಿರುವಾಗ, ಬಾವಿ ಬತ್ತುವ ಹೊತ್ತಿನಲ್ಲಿ, ಬೇರಿನಲ್ಲೂ ಕಾಂಡದಲ್ಲೂ ಉಳಿಸಿಟ್ಟ ನೀರಿನ ಧೈರ್ಯದ ಮೇಲೆ ಮರ ಹೊಸ ಎಲೆ ಬಿಡುತ್ತದೆ. ಮೊದಲ ಮಳೆ ಬೀಳುವಾಗ ಎಲೆ ಬಲಿತು ಕೆಲಸಕ್ಕೆ ತಯಾರಾಗಿರುತ್ತದೆ.

ಎಲ್ಲಿ ನೋಡಬೇಕು? ಗಗನಬಾವಡಾದಲ್ಲಿ ಬೀಳುವ ಮಳೆಯ ಸುಮಾರು ಹತ್ತರಲ್ಲೊಂದು ಭಾಗ ಮಾತ್ರ ಇಚಲಕರಂಜಿಯಾಚೆಯ ಶಿರೋಳದಲ್ಲಿ ಬೀಳುತ್ತದೆ. ಒಂದೇ ಜಿಲ್ಲೆ! ಪಶ್ಚಿಮದ ತುದಿಯ ದಾಜಿಪುರ, ರಾಧಾನಗರಿ ಕಾಡು ಬಹುಮಟ್ಟಿಗೆ ವರ್ಷವಿಡೀ ಹಸಿರು. ಕಾಡುಕೋಣ ನೋಡಲು ಹೋಗಿ, ಬಣ್ಣಕ್ಕಲ್ಲ. ಪೂರ್ವದಲ್ಲಿ ಕಬ್ಬು, ಮಗ್ಗ, ಬಯಲು. ಬಣ್ಣ ಸಿಗುವುದು ನಡುವಿನ ಪಟ್ಟಿಯಲ್ಲಿ: ಪನ್ಹಾಳಾದ ಸುತ್ತ, ಭುದರಗಡದ ಕಡೆ, ಗಡಹಿಂಗ್ಲಜದಿಂದ ಆಜರಾಕ್ಕೆ ಹೋಗುವ ದಾರಿಯಲ್ಲಿ. ಬೆಟ್ಟ ಪೂರ್ತಿ ಕೆಂಪಾಗುವುದಿಲ್ಲ. ಬೂದುಬಣ್ಣದ ಬೋಳು ರೆಂಬೆಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಕೆಂಡದ ಹಾಗೆ ಕೂತಿರುತ್ತದೆ. ಅದು ಸಾಲದು ಎನ್ನುವವರಿಗೆ ನನ್ನಲ್ಲಿ ಮದ್ದಿಲ್ಲ.

ಫೋಟೊ ತೆಗೆಯುವವರಿಗೆ ಎರಡು ಮಾತು. ಚಿಗುರು ತೆಳ್ಳಗೆ, ಜೋತುಬಿದ್ದಿರುತ್ತದೆ, ಬೆಳಕು ಹಾಯುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆದರೆ ಅದು ಬರೀ ಕಂದು ಮುದ್ದೆ. ಮರದ ನೆರಳಿನೊಳಗೆ ಹೋಗಿ, ಎಲೆಯ ಹಿಂದೆ ಸೂರ್ಯನಿರುವಂತೆ ನಿಂತು ಮೇಲೆ ನೋಡಿ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಆಮೇಲೆ ಧೂಳು, ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಗದ್ದೆಯ ರವದಿ ಸುಡುವ ಹೊಗೆ, ಎಲ್ಲ ಸೇರಿ ದೂರದ ಬೆಟ್ಟ ಮಾಸಲಾಗುತ್ತದೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಬಿಸಿಲಿನ ಗುರುತಿಗೆ ಇಡಿ. ಆಟೋ ಎಂಬುದು ಟ್ಯೂಬ್‌ಲೈಟಿನ ಕೆಳಗೆ ಸೀರೆ ತೋರಿಸುವ ವ್ಯಾಪಾರಿ. ಕೆಂಪು ಬೇಗ ಉಕ್ಕಿ ಎಲೆಯ ನರಗಳು ಅಳಿಸಿಹೋಗುವುದರಿಂದ ಎಕ್ಸ್‌ಪೋಷರನ್ನು ಅರ್ಧ, ಮುಕ್ಕಾಲು ಸ್ಟಾಪ್ ಇಳಿಸಿ. ಆಮೇಲೆ ನೆರಳು ಸ್ವಲ್ಪ ಎತ್ತುವುದು, ಧೂಳು ಕಳೆಯುವುದು, ಇದಕ್ಕೆಲ್ಲ ನನ್ನ ವಿರೋಧವಿಲ್ಲ. ಸೀರೆಯ ಸುಕ್ಕು ಬಿಡಿಸಿ ತೋರಿಸುವುದು ಮೋಸವಲ್ಲ. ಬಣ್ಣ ಬದಲಿಸುವುದು ಮೋಸ.

ಕೊಲ್ಲಾಪುರದವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಶಾಹೂ ಮಹಾರಾಜರ ಆಸ್ಥಾನ ಚಿತ್ರಕಾರರಾಗಿದ್ದ ಅಬಾಲಾಲ್ ರಹಿಮಾನ್ ಇದೇ ಊರಿನವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಹಿಂದಿರುಗಿ, 1931ರಲ್ಲಿ ತೀರಿಕೊಳ್ಳುವವರೆಗೂ ಕೋಟಿತೀರ್ಥ ಕೆರೆ, ರಂಕಾಳಾ, ಪಂಚಗಂಗೆಯ ದಡಗಳನ್ನು ಬಿಡಿಸುತ್ತಾ ಇದ್ದವರು. ಇಂಗ್ಲೆಂಡಿನ ನೀರುಬಣ್ಣದ ಶೈಲಿ ಅವರಿಗೆ ಗೊತ್ತಿತ್ತು. ಹಾಗೆಂದು ಕೋಟಿತೀರ್ಥವನ್ನು ಇಂಗ್ಲೆಂಡಿನ ಕೆರೆಯಾಗಿ ಮಾಡಲಿಲ್ಲ. ಊರಿನ ಟೌನ್ ಹಾಲ್ ಮ್ಯೂಸಿಯಮ್ಮಿನಲ್ಲಿ ಅವರ ಕೆಲಸ ನೋಡಲು ಸಿಗುತ್ತದೆ. ಅಂಬಾಬಾಯಿ ಗುಡಿಯ ಹತ್ತಿರ ಚಪ್ಪಲಿ ಕೊಳ್ಳಲು ಬರುವ ನಮ್ಮವರು ಅರ್ಧ ಗಂಟೆ ಅಲ್ಲಿಗೂ ಹೋಗಬಹುದು. ಮುಸ್ಲಿಂ ಹುಡುಗನೊಬ್ಬ ಬೆಟ್ಟ, ನೀರು, ಮರ ನೋಡುತ್ತಾ ಬದುಕು ಕಳೆಯಬಹುದು ಎಂಬುದಕ್ಕೆ ನಮ್ಮ ಮಕ್ಕಳಿಗೆ ತೋರಿಸಲು ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಕಾರಣವಿದೆ. ಕಿತ್ತಳೆ ಬೆಟ್ಟದ ಫೋಟೊ ನೋಡಿದವರು ಗಾಡಿ ಮಾಡಿಕೊಂಡು ಬರುತ್ತಾರೆ. ಫೆಬ್ರವರಿಯಲ್ಲಿ ಬಂದವರು ಒಣಗಿದ ಹುಲ್ಲು, ಬೋಳು ಮರ ನೋಡಿ ‘ಇಲ್ಲಿ ಎಂತದೂ ಇಲ್ಲ’ ಎಂದು ಹಿಂದಿರುಗುತ್ತಾರೆ. ಆ ‘ಎಂತದೂ ಇಲ್ಲ’ ಎಂಬ ಮಾತು ಅಪಾಯದ್ದು. ಎಂತದೂ ಇಲ್ಲದ ಗುಡ್ಡಕ್ಕೆ ಬೆಂಕಿ ಹಚ್ಚಿದರೆ ಯಾರೂ ಕೇಳುವುದಿಲ್ಲ. ಮುಂದಿನ ಮಳೆಗೆ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ಕಡ್ಡಿ ಗೀರುವವರಿದ್ದಾರೆ, ಬೀಡಿ ಎಸೆದು ಹೋಗುವವರಿದ್ದಾರೆ. ಮರಾಠಿಯಲ್ಲಿ ಅದು ‘ವಣವಾ’. ಕುಸುಂಬ ಚಿಗುರುವ ವಾರಗಳಲ್ಲೇ ಗುಡ್ಡಗಳು ಉರಿಯುತ್ತವೆ. ರಾತ್ರಿ ಕೊಲ್ಲಾಪುರದ ಹೆದ್ದಾರಿಯಿಂದ ನೋಡಿದರೆ ಕತ್ತಲಲ್ಲಿ ಬೆಂಕಿಯ ಸರ. ಅದನ್ನೂ ಚಂದವೆಂದು ಫೋಟೊ ತೆಗೆದು ಹಾಕುವವರನ್ನು ಕಂಡಿದ್ದೇನೆ. ಬೆಳಿಗ್ಗೆ ಅಲ್ಲಿಗೆ ನಡೆದು ಹೋದರೆ ಎಳೆಯ ಗಿಡಗಳು ಕಪ್ಪು ಕಡ್ಡಿಗಳಾಗಿ ನಿಂತಿರುತ್ತವೆ.

ಜಂಬಿಟ್ಟಿಗೆಯ ಬಯಲುಗಳ ಕತೆ ಇನ್ನೊಂದು. ಮಳೆಗಾಲ ಮುಗಿದು ಹೂ ಬಾಡಿದ ಮೇಲೆ ಅವು ಬರಡು ಕಲ್ಲಿನ ಹಾಸು. ಆ ಕಲ್ಲಿನಲ್ಲಿ ಬಾಕ್ಸೈಟ್ ಇದೆ, ಅಲ್ಯೂಮಿನಿಯಮ್ಮಿನ ಅದಿರು. ಈ ಜಿಲ್ಲೆಯ ಕೆಲವು ಪಠಾರಗಳನ್ನು ಈಗಾಗಲೇ ಅಗೆದಾಗಿದೆ. ನನ್ನ ಅನ್ನವೂ ಲೋಹದಿಂದಲೇ ಬರುವುದರಿಂದ ಗಣಿ ಎಂದ ಕೂಡಲೇ ನಾನು ಬೆಚ್ಚಿಬೀಳುವವನಲ್ಲ. ಆದರೆ ಅಗೆಯುವ ಮೊದಲು ಅಲ್ಲಿ ಏನಿತ್ತು ಎಂಬುದರ ಸಾಚಾ ಚಿತ್ರ, ಹನ್ನೆರಡು ತಿಂಗಳದ್ದೂ, ಯಾರ ಬಳಿಯಾದರೂ ಇರಬೇಕಲ್ಲ? ಕಿತ್ತಳೆ ಬಳಿದ ಫೋಟೊವನ್ನು ಸಾಕ್ಷಿಯೆಂದು ಯಾವ ಅಧಿಕಾರಿಯ ಮುಂದೆ ಇಡುತ್ತೀರಿ?

ಊರಲ್ಲೇ ಇರುವವರು ಇಷ್ಟು ದೂರ ಬರಬೇಕಾಗಿಯೂ ಇಲ್ಲ. ನಮ್ಮ ಕರಾವಳಿಯಲ್ಲಿ ಮದ್ರಸದ ಅಂಗಳದಲ್ಲೋ ಶಾಲೆಯ ಬಾವಿಕಟ್ಟೆಯ ಹತ್ತಿರವೋ ಒಂದು ಬಾದಾಮಿ ಮರ ಇದ್ದೇ ಇರುತ್ತದೆ. ನಾವು ಕಾಯಿಗೆ ಕಲ್ಲು ಹೊಡೆದು, ಒಡೆದು ತಿರುಳು ತಿಂದ ಅದೇ ಮರ. ಉದುರುವ ಮೊದಲು ಅದರ ಎಲೆ ಹಳದಿ, ಕಿತ್ತಳೆ, ಕಡುಗೆಂಪು ಎಲ್ಲ ಆಗುತ್ತದೆ. ಚಳಿದೇಶದ ಮರಗಳ ಹಾಗೆ ಮುದಿ ಎಲೆ ಕೆಂಪಾಗುವ ಮರ ನಮ್ಮಲ್ಲೂ ಇದೆ, ಗುಡಿಸಿ ಗುಡಿಸಿ ಉಮ್ಮಂದಿರು ಬೈಯುವ ಮರ. ಜನವರಿ, ಫೆಬ್ರವರಿಯಲ್ಲಿ ಒಂದು ಎಲೆಯನ್ನು ಹೆಕ್ಕಿ ಬೆಳಕಿಗೆ ಹಿಡಿದು ಮಕ್ಕಳಿಗೆ ತೋರಿಸಿ.

ಬೆಟ್ಟಕ್ಕೇ ಬರುತ್ತೇವೆ ಎನ್ನುವವರಿಗೆ ಈ ವರ್ಷಗಳು ಒಳ್ಳೆಯವು. ಪೆರ್ನಾಲ್ 2025ರಲ್ಲಿ ಮಾರ್ಚ್ ಕೊನೆಗೆ ಬಂದಿತ್ತು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹಬ್ಬದ ರಜೆಗೂ ಕುಸುಂಬದ ಚಿಗುರಿಗೂ ಸ್ವಲ್ಪ ಕಾಲ ಹೊಂದಾಣಿಕೆಯಿದೆ. ಹಬ್ಬದ ಮರುದಿನ ಬೆಳಗಾವಿ ದಾಟಿ, ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಗಡಹಿಂಗ್ಲಜ, ಆಮೇಲೆ ಆಜರಾ, ಕೊನೆಗೆ ಹಿರಣ್ಯಕೇಶಿ ಹುಟ್ಟುವ ಅಂಬೋಲಿ. ಆಜರಾದ ದಾರಿಯಲ್ಲಿ ನಿಧಾನಕ್ಕೆ ಹೋಗಿ, ಬೆಳಗಿನ ಹೊತ್ತು ಹೋಗಿ. ಒಲೆ ಹೂಡಿ ಅಡುಗೆ ಮಾಡುವ ಅಭ್ಯಾಸವಿದ್ದರೆ ಈ ಒಂದು ಸಲ ನೈಚೋರು ಕಟ್ಟಿಕೊಂಡೇ ಬನ್ನಿ. ಒಂದು ಕಿಡಿ ಸಾಕು ಆ ಹುಲ್ಲಿಗೆ.