ತೋಟದ ಕೆರೆಗೆ ದೋಣಿ ಇಳಿಸುವ ಮೊದಲು

ಪೊನ್ನಂಪೇಟೆ ಸೀಮೆಯ ಬೆಳೆಗಾರ ಬಾಂಧವರೆ, ಕಾಫಿಯೊಂದನ್ನೇ ನಂಬಿ ಕೂರಲಾಗದೆ ನಿಮ್ಮಲ್ಲಿ ಹಲವರು ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೀರಿ. ಬಂದ ಅತಿಥಿಗಳು ತೋಟದ ಕೆರೆಯನ್ನು ಕಂಡು ‘ದೋಣಿ ಇಲ್ಲವೆ?’ ಎಂದು ಕೇಳುತ್ತಾರೆ. ಗುಡ್ಡಗಳ ಮರೆಯಲ್ಲಿ ಗಾಳಿ ತಾಗದ ನೀರಿನ ಮೇಲೆ ಅರ್ಧ ಗಂಟೆ ತೇಲಿ ಬರುವುದು ಸುಖದ ಸಂಗತಿಯೇ. ಅದರಿಂದ ನಾಲ್ಕು ಕಾಸು ಬಂದರೆ ತಪ್ಪೇನೂ ಇಲ್ಲ. ಆದರೆ ದೋಣಿ ಕೊಳ್ಳುವ ಮೊದಲು ಮೂರು ಮಾತುಗಳನ್ನು ಯೋಚಿಸತಕ್ಕದ್ದು.

ಮೊದಲನೆಯದು, ಆ ನೀರು ಯಾತಕ್ಕೆ? ಕೆರೆ ತೋಡಿಸಿದ್ದು ಹೂಮಳೆ ಕೈಕೊಟ್ಟ ವರ್ಷಕ್ಕೆಂದು. ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಮೊಗ್ಗಿಗೆ ಇಂಚು, ಒಂದೂವರೆ ಇಂಚು ನೀರು ಬೇಕು. ಎರಡು ಮೂರು ವಾರ ಕಳೆದು ಮತ್ತೊಮ್ಮೆ ಸ್ಪ್ರಿಂಕ್ಲರ್ ಓಡಿಸಬೇಕು. ಎಕರೆಗೆ ಒಂದು ಇಂಚು ಎಂದರೆ ಸುಮಾರು 1 ಲಕ್ಷ ಲೀಟರ್. ಮಕ್ಕಳ ಬೇಸಿಗೆ ರಜೆಗೆ ಅತಿಥಿಗಳು ಬರುವ ಹೊತ್ತಿಗೆ ಕೆರೆಯ ತಳ ಕಾಣುತ್ತಿರುತ್ತದೆ. ದೋಣಿ ತೋರಿಸಿ ಮುಂಗಡ ಪಡೆದವರಿಗೆ ಪಂಪ್ ಹಾಕಲು ಕೈ ಬರುವುದಿಲ್ಲ. ಆದ್ದರಿಂದ ದೋಣಿ ಅಕ್ಟೋಬರ್‌ನಿಂದ ಜನವರಿಯವರೆಗೆ ಮಾತ್ರ ಎಂದು ಮೊದಲೇ ಹೇಳಿಬಿಡಿ.

ಎರಡನೆಯದು, ಆನೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು ದೋಣಿ ವಿಹಾರಕ್ಕೆ ಹೆಸರಾಗಿದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಅಂಚಿನಲ್ಲಿ ಹುಲ್ಲು ಚಿಗುರುತ್ತದೆ, ಆನೆ ಹಿಂಡುಗಳು ಬರುತ್ತವೆ. ಜನ ಅದನ್ನು ನೋಡಲೆಂದೇ ಅಲ್ಲಿಗೆ ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ. ನಮ್ಮ ಕೆರೆಗೆ ಆನೆ ಬರುವುದು ಕತ್ತಲಲ್ಲಿ, ಅದೂ ಮನೆಯ ಪಕ್ಕಕ್ಕೆ. ಚೆನ್ನಾಗಿ ಬೆಳಕು ಹರಿಯುವ ಮೊದಲು, ಸಂಜೆ ಐದರ ನಂತರ ದೋಣಿ ಕಟ್ಟಿಹಾಕುವುದೇ ಲೇಸು.

ಮೂರನೆಯದು, ಪ್ರಾಣ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ವಿಹಾರದ ದೋಣಿ ಮಗುಚಿ 45 ಮಂದಿ ಸತ್ತರು. ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಗಿತ್ತು. ಅದು ಸಮುದ್ರವಲ್ಲ, ಅಲೆಯಿಲ್ಲದ ಜಲಾಶಯ. ನಿಂತ ನೀರೆಂದು ಸದರ ಬೇಡ. ಲೈಫ್ ಜಾಕೆಟ್ ತೊಡದವರನ್ನು, ಕುಡಿದವರನ್ನು ಹತ್ತಿಸಲೇಬೇಡಿ. ಈಜು ಬಲ್ಲ ಒಬ್ಬ ಆಳು ದಡದಲ್ಲಿರಲಿ. ಎಂಜಿನ್ ಬೇಡ, ಹುಟ್ಟು ಸಾಕು; ಎಣ್ಣೆ ಬಿದ್ದ ನೀರನ್ನು ದನವೂ ಮೂಸುವುದಿಲ್ಲ.

‘ನಾನು ಬೇಡವೆಂದರೆ ಪಕ್ಕದ ತೋಟದವರು ಹತ್ತಿಸುತ್ತಾರಲ್ಲ’ ಎನ್ನುವಿರಿ. ನಿಜ. ಅದಕ್ಕೇ ಇದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಊರಿನ ಬೆಳೆಗಾರರೆಲ್ಲ ಒಂದೆಡೆ ಕುಳಿತು ಒಂದೇ ಕಟ್ಟಳೆ ಮಾಡಿಕೊಳ್ಳಿ, ಪಂಚಾಯಿತಿಗೂ ತಿಳಿಸಿ. ಅತಿಥಿ ಎರಡು ದಿನ ಇದ್ದು ಹೋಗುತ್ತಾನೆ. ಕೆರೆ ಮಾತ್ರ ನಿಮ್ಮ ಮಕ್ಕಳ ಕಾಲಕ್ಕೂ ತೋಟಕ್ಕೆ ನೀರುಣಿಸಬೇಕು.