ಗೂಡಿಗೆ ತಕ್ಕಡಿ ಇದೆ, ಮೇಕೆಗೆ ಏಕಿಲ್ಲ?

ಸಣ್ಣ ರೈತರ ಮಾಲಿಗೆ ಗಿರಾಕಿ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಕ್ರೀದ್‌ಗೆ ಎರಡು ವಾರ ಮುಂಚೆ ನಮ್ಮ ಹಳ್ಳಿ ಕಡೆ ಬಂದು ನೋಡಿ, ಗಿರಾಕಿಗಳೇ ಮೇಕೆ ಹುಡುಕಿಕೊಂಡು ಬರುತ್ತಾರೆ. ಕೊರತೆ ಇರುವುದು ಗಿರಾಕಿಗಳದ್ದಲ್ಲ, ತಕ್ಕಡಿಯದ್ದು.

ನಮ್ಮದು ಎರಡು ಎಕರೆ ಜಮೀನು. ಹಿಪ್ಪುನೇರಳೆ ಬೆಳೆಯುತ್ತೇವೆ, ರೇಷ್ಮೆ ಹುಳು ಸಾಕುತ್ತೇವೆ. ಎರಡು ಹಸು, ಒಂಬತ್ತು ಮೇಕೆ ಇವೆ. ಹಾಲು, ಗೂಡು, ಮೇಕೆ ಮೂರೂ ಒಂದೇ ಮನೆಯಿಂದ ಹೊರಡುತ್ತವೆ. ಆದರೆ ಮೂರನ್ನೂ ಮಾರುವ ರೀತಿ ಬೇರೆ ಬೇರೆ.

ಹಾಲು ಬೆಳಿಗ್ಗೆ, ಸಂಜೆ ಊರಿನ ಡೇರಿಗೆ ಹೋಗುತ್ತದೆ. ಅಲ್ಲಿ ಅಳೆಯುತ್ತಾರೆ, ಕೊಬ್ಬಿನಂಶ ಪರೀಕ್ಷಿಸುತ್ತಾರೆ, ಲೆಕ್ಕ ಬರೆಯುತ್ತಾರೆ. ದರ ಸಾಲದು ಎಂದು ಅಮ್ಮಿ ಗೊಣಗುವುದುಂಟು. ಆದರೆ ಎಷ್ಟು ಲೀಟರ್ ಎಂಬ ಬಗ್ಗೆ ಜಗಳವಿಲ್ಲ.

ಗೂಡು ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಹೋಗುತ್ತದೆ. ಗೂಡು ಮಾರಾಟಕ್ಕೆ ನಮ್ಮ ರಾಜ್ಯದಲ್ಲಿ 1959ರ ಪ್ರತ್ಯೇಕ ಕಾಯ್ದೆಯೇ ಇದೆ. ನಮ್ಮ ಲಾಟ್‌ಗೆ ಒಂದು ನಂಬರ್ ಕೊಡುತ್ತಾರೆ. ರೀಲರ್‌ಗಳು ಈ-ಹರಾಜಿನಲ್ಲಿ ದರ ಹಾಕುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು. ಒಪ್ಪಿದರೆ ವಿದ್ಯುನ್ಮಾನ ತಕ್ಕಡಿಯಲ್ಲಿ ತೂಕವಾಗುತ್ತದೆ. ನಮ್ಮ ಕಾಲೇಜಿನ ಎಷ್ಟೋ ಗೆಳೆಯರ ಮನೆಯವರು ರೀಲರ್‌ಗಳು. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಮೇಕೆಗೆ ಬನ್ನಿ. ಸಂತೆಯಲ್ಲಿ ದಲ್ಲಾಳಿ ಮೇಕೆಯ ಬೆನ್ನು ಮುಟ್ಟಿ ನೋಡುತ್ತಾನೆ, ಸೊಂಟ ಹಿಡಿದು ಎತ್ತುತ್ತಾನೆ, ತೂಕ ಇಷ್ಟೇ ಎನ್ನುತ್ತಾನೆ. ಕೆಲವು ಕಡೆ ಇಬ್ಬರೂ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಪಕ್ಕದಲ್ಲಿ ನಿಂತ ರೈತನಿಗೆ ಆ ವ್ಯಾಪಾರ ಎಷ್ಟಕ್ಕೆ ಆಯಿತು ಎಂದು ತಿಳಿಯುವುದಿಲ್ಲ. ಅಂದಾಜು, ದಲ್ಲಾಳಿ, ರಸೀದಿ ಈ ಮೂರು ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಮೇಕೆ ಸಂತೆಯಲ್ಲಿ ಮೊದಲ ಎರಡು ಮಾತ್ರ ನಡೆಯುತ್ತವೆ.

ಅರ್ಥಶಾಸ್ತ್ರದಲ್ಲಿ ನಾವು ಪರಿಪೂರ್ಣ ಪೈಪೋಟಿ ಓದುತ್ತೇವೆ. ಕೊಳ್ಳುವವರೂ ಮಾರುವವರೂ ಬಹಳ ಮಂದಿ ಇರಬೇಕು ಎಂಬ ಮೊದಲ ಲಕ್ಷಣ ಎಲ್ಲರಿಗೂ ನೆನಪಿರುತ್ತದೆ. ಇಬ್ಬರಿಗೂ ಪೂರ್ಣ ಮಾಹಿತಿ ಇರಬೇಕು ಎಂಬುದನ್ನು ನಾವು ಮರೆಯುತ್ತೇವೆ. ಸಂತೆಯಲ್ಲಿ ಜನ ಬೇಕಾದಷ್ಟಿದ್ದಾರೆ, ಮಾಹಿತಿ ಮಾತ್ರ ಒಬ್ಬನ ಹತ್ತಿರ ಇದೆ.

ಕಳೆದ ಹಬ್ಬಕ್ಕೆ ಮುಂಚೆ ನನ್ನ ಅಕ್ಕ ಮೂಟೆ ತೂಗುವ ತಕ್ಕಡಿಯಲ್ಲಿ ಮೂರು ಹೋತಗಳನ್ನು ತೂಗಿ ಚೀಟಿ ಬರೆದು ಅಬ್ಬಾ ಕೈಗೆ ಕೊಟ್ಟಳು. ಸಂತೆಯಲ್ಲಿ ಒಬ್ಬ ವ್ಯಾಪಾರಿ ದೊಡ್ಡ ಹೋತಕ್ಕೆ 24 ಕೆ.ಜಿ. ಎಂದ. ಅಬ್ಬಾ ಚೀಟಿ ತೋರಿಸಿದರು, 30 ಕೆ.ಜಿ. ಇತ್ತು. ಆತ ವಾದ ಮಾಡಲಿಲ್ಲ. ಸುಮ್ಮನೆ 1,500 ರೂಪಾಯಿ ಏರಿಸಿದ.

ಇದರ ಲೆಕ್ಕ ಕಷ್ಟದ್ದಲ್ಲ. ಮೇಕೆಯ ಜೀವಂತ ತೂಕದಲ್ಲಿ ಸುಮಾರು 45ರಿಂದ 50 ಭಾಗ ಮಾಂಸ ಬರುತ್ತದೆ. 30 ಕೆ.ಜಿ. ಹೋತದಲ್ಲಿ ಕಡಿಮೆ ಎಂದರೂ ಹದಿಮೂರೂವರೆ ಕೆ.ಜಿ. ಮಾಂಸದ ದರ ಕೆ.ಜಿ.ಗೆ 700 ರೂಪಾಯಿ ಎಂದಿಟ್ಟುಕೊಂಡರೆ 9,450 ರೂಪಾಯಿ ಆಯಿತು. ತಲೆ, ಕಾಲು, ಚರ್ಮ ಬೇರೆ. ಅದೇ ಹೋತವನ್ನು 24 ಕೆ.ಜಿ. ಎಂದು ಕೊಟ್ಟರೆ 7,560 ಮಾತ್ರ. ಒಂದು ಮಾತಿನಲ್ಲಿ 1,890 ರೂಪಾಯಿ ಹೋಯಿತು. ವ್ಯಾಪಾರಿಗೆ ಲಾಭ ಬೇಡವೇ? ಬೇಕು. ಆದರೆ ಲಾಭ ದರದಲ್ಲಿರಲಿ, ತೂಕದಲ್ಲಿ ಬೇಡ.

ದಲ್ಲಾಳಿಗಳೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮಳೆ ಬಾರದ ವರ್ಷ ಮುಂಗಡ ಹಣ ಕೊಡುವವರೂ ಅವರೇ. ರೈತರಲ್ಲೂ ಕೆಲವರು ಮಾರುವ ದಿನ ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸುತ್ತಾರೆ. ಹಾಗಾಗಿ ತೂಕ ಬೆಳಿಗ್ಗೆ ಮೇವಿಗೆ ಮುಂಚೆಯೇ ಆಗಬೇಕು. ಅಳತೆಯಲ್ಲಿ ಮೋಸ ಮಾಡುವವರಿಗೆ ಕುರ್‌ಆನ್‌ನ ಒಂದು ಸೂರಾ ಎಚ್ಚರಿಕೆಯಿಂದಲೇ ಆರಂಭವಾಗುತ್ತದೆ. ಅದು ಮಾರುವವನಿಗೂ ಕೊಳ್ಳುವವನಿಗೂ ಒಂದೇ. ಇನ್ನು ಕುರ್ಬಾನಿಯ ಮೇಕೆಯಲ್ಲಿ ಅಂದ, ಕೊಂಬು, ಬಣ್ಣಕ್ಕೂ ಬೆಲೆ ಇದೆ, ನಿಜ. ತೂಕ ಗೊತ್ತಾದ ಮೇಲೆ ಅಂದಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಲಿ.

ನನ್ನ ಸಲಹೆ ಎರಡು. ಒಂದು, ಸಂತೆಯಲ್ಲಿ ಸುಂಕ ವಸೂಲಿ ಮಾಡುವವರು ಬಾಗಿಲಲ್ಲಿ ಒಂದು ತಕ್ಕಡಿಯನ್ನೂ ಒಂದು ಕರಿಹಲಗೆಯನ್ನೂ ಇಡಲಿ. ತೂಕ, ಮಾರಿದ ದರ ಅಲ್ಲಿ ಬರೆದರೆ ಸಾಕು.

ಎರಡನೆಯದು ನಮ್ಮ ಕೈಯಲ್ಲೇ ಇದೆ. ಈ ಕಾಲೇಜಿನಲ್ಲಿ ಮೇಕೆ ಸಾಕುವ ಮನೆಯವರಿದ್ದಾರೆ, ಹಬ್ಬಕ್ಕೆ ಮೇಕೆ ಕೊಳ್ಳುವ ಮನೆಯವರು ಅದಕ್ಕಿಂತ ಹೆಚ್ಚಿದ್ದಾರೆ. ಹಬ್ಬಕ್ಕೆ ಒಂದು ತಿಂಗಳು ಮುಂಚೆ ವಾಣಿಜ್ಯ ವಿಭಾಗದ ನಾವು ಒಂದು ಪಟ್ಟಿ ಮಾಡೋಣ: ಯಾರ ಮನೆ, ಎಷ್ಟು ಮೇಕೆ, ಬೆಳಗಿನ ತೂಕ, ಎರಡು ಹಲ್ಲು ಬಂದಿದೆಯೇ, ಕೇಳುವ ದರ. ಕಮಿಷನ್ ಬೇಡ. ಸಾಗಿಸುವ ಖರ್ಚು ಯಾರದು ಎಂದು ಮೊದಲೇ ಬರೆಯೋಣ, ಹಣ ಅದೇ ದಿನ ಕೊಡಬೇಕು, ರಸೀದಿ ನಾವು ಬರೆಯೋಣ. ಇದು ದಾನವಲ್ಲ, ವ್ಯಾಪಾರ. ಇಪ್ಪತ್ತು ಮೇಕೆ ಹೀಗೆ ಮಾರಾಟವಾದರೂ ಉಳಿದವರು ಸಂತೆಗೆ ಹೋಗುವಾಗ ಅವರ ಕೈಯಲ್ಲಿ ಹೋಲಿಸಿ ನೋಡಲು ಒಂದು ದರ ಇರುತ್ತದೆ.

ಮೂಟೆ ತೂಗುವ ತಕ್ಕಡಿ ನಮ್ಮ ಮನೆಯಲ್ಲಿದೆ, ತರುತ್ತೇನೆ. ಪಟ್ಟಿ ಬರೆಯಲು ಇಬ್ಬರು ಬೇಕು. ಅಧ್ಯಾಪಕರು ಒಪ್ಪಿದರೆ ಪುಸ್ತಕ ಯಾವುದಾದರೂ ಆದೀತು.