ಆ ಟ್ಯಾಬ್ ಆಟಿಕೆ ಅಲ್ಲ ಸ್ವಾಮಿ

ಇಲ್ಲಿ ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಮಾತು ಬಾರದ ಮಗುವಿನ ಕೈಲಿ ಟ್ಯಾಬ್ ಕಂಡರೆ ಸಾಕು, ಯಾರಾದರೊಬ್ಬರು ಶುರು ಮಾಡ್ತಾರೆ: "ಅದನ್ನ ಕೊಟ್ರೆ ಬರೋ ಮಾತೂ ಬರಲ್ಲ ನೋಡಿ." ನನಗೆ ಪಿತ್ತ ನೆತ್ತಿಗೇರುತ್ತೆ. ಚಿತ್ರ ಒತ್ತಿದರೆ ಆ ಪದವನ್ನು ಗಟ್ಟಿಯಾಗಿ ನುಡಿಯುವ ಸಾಧನ ಅದು. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಎಂಬ ಮೂವರು ಅದುವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದರು. ಗಟ್ಟಿ ಪುರಾವೆಯಿದ್ದ 27 ಮಂದಿಯಲ್ಲಿ ಒಬ್ಬರ ಮಾತೂ ಕಮ್ಮಿಯಾಗಿರಲಿಲ್ಲ. ಹೆಚ್ಚಿನವರದು ಸ್ವಲ್ಪವಾದರೂ ಏರಿತ್ತು.

ನನ್ನ ತಂಗಿ ಮಗ ಕ್ಲಾಸಲ್ಲಿ ಗಲಾಟೆ ಮಾಡಿದ ಅಂತ ಶಾಲೆಯವರು ಟ್ಯಾಬನ್ನು ಬೀರುವಿನಲ್ಲಿಟ್ಟರು. ಗಲಾಟೆ ಮಾಡಿದ ಬೇರೆ ಮಕ್ಕಳ ಬಾಯಿಗೆ ಬೀಗ ಹಾಕ್ತಾರಾ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಂಥ ಪರ್ಯಾಯ ವಿಧಾನಗಳನ್ನೂ ಸಂವಹನ ಅಂತಲೇ ಒಪ್ಪಿದೆ.

ಮನೆಗಳಲ್ಲೂ ಅಷ್ಟೇ. ನೆಂಟರು ಬಂದಾಗ "ಆನೆ ತೋರ್ಸು ಪುಟ್ಟಾ, ಬಾಳೆಹಣ್ಣು ತೋರ್ಸು" ಅಂತ ಬರೀ ಪರೀಕ್ಷೆ! ನೀವೂ ಆ ಚಿತ್ರ ಒತ್ತುತ್ತಾ ಅವನ ಜೊತೆ ಮಾತಾಡಿ. ಎಲ್ಲ ಮಕ್ಕಳೂ ಮಾತು ಕಲಿಯೋದು ದೊಡ್ಡವರು ಆಡೋದನ್ನು ನೋಡಿಯೇ ಅಲ್ವಾ? 'ಬೇಡ', 'ಸಾಕು', 'ನೋವು' ಮೊದಲು ಸೇರಿಸಿ, ಆನೆ ಆಮೇಲಾಗಲಿ. ಕನ್ನಡ ದನಿ ಇಲ್ಲದಿದ್ದರೆ ನೀವೇ ರೆಕಾರ್ಡ್ ಮಾಡಿ. ಬರೀ ಇಂಗ್ಲಿಷು, ಹಿಂದಿ ತುಂಬಿಸಿಟ್ಟರೆ ಆ ಹುಡುಗ ಅಜ್ಜಿ ಜೊತೆ ಯಾವ ಭಾಷೇಲಿ ಜಗಳ ಆಡಬೇಕು?